ಕಂಪ್ಯೂಟರ್ ಆನ್ ಆಗ್ತಿಲ್ಲವಾ? ಎಲ್ಲಿಗೆ ಬಂದು ನಿಂತಿದೆ, ಮೊದಲು ನೋಡಿ

ಪುನರ್ವಸು ಮಳೆ ಹಿಡಿಯಿತು ಎಂದರೆ ನನ್ನ ಫೋನಿಗೆ ಒಂದೇ ಥರದ ಕರೆಗಳು ಶುರು. ಕೋಣಂದೂರು ಕಡೆಯಿಂದ, ಮೇಗರವಳ್ಳಿಯಿಂದ, ಆಗುಂಬೆ ಹತ್ತಿರದ ಒಂಟಿ ಮನೆಗಳಿಂದ. "ಕಂಪ್ಯೂಟರ್ ಆನ್ ಆಗ್ತಿಲ್ಲ ಮಾರಾಯ, ಎಂತ ಮಾಡದು?" ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಆನ್ ಆಗ್ತಿಲ್ಲ ಅಂದ್ರೆ ಎಂತ ಆಗ್ತಿದೆ?"

ಗುಂಡಿ ಒತ್ತಿದರೆ ದೀಪವೇ ಬರುವುದಿಲ್ಲ ಎನ್ನುವುದು ಒಂದು ಕಾಯಿಲೆ. ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಗೇ ಇದೆ ಎನ್ನುವುದು ಇನ್ನೊಂದು. ಕಂಪನಿಯ ಹೆಸರು ಬಂದು ಅಲ್ಲೇ ನಿಲ್ಲುವುದು ಬೇರೆ, ವಿಂಡೋಸ್‌ನ ಚುಕ್ಕಿಗಳು ಸುತ್ತುತ್ತಲೇ ಇರುವುದು ಬೇರೆ. ಇವಕ್ಕೆಲ್ಲ ನಾವು ಹೇಳುವ ಮಾತು ಮಾತ್ರ ಒಂದೇ. ಅದಕ್ಕೇ ಎಲ್ಲದಕ್ಕೂ ಒಂದೇ ಮದ್ದು ಮಾಡಿಬಿಡುತ್ತೇವೆ: ಕ್ಯಾಬಿನೆಟ್ ಎತ್ತಿಕೊಂಡು ಬಸ್ ಹತ್ತುವುದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ ಒಂದು ದಿನ ಹೋಗುತ್ತದೆ. ಎಷ್ಟೋ ಸಲ ಅಲ್ಲಿ ಮಾಡುವ ಕೆಲಸ ಮನೆಯ ಜಗಲಿಯಲ್ಲೇ ಕೂತು ಮಾಡಬಹುದಾದದ್ದು.

ಗುಡ್ಡದ ಅಬ್ಬಿಯಿಂದ ಪೈಪ್ ಎಳೆದು ಮನೆಗೆ ನೀರು ತಂದುಕೊಂಡವರಿಗೆ ಈ ಕೆಲಸದ ರೀತಿ ಹೇಳಿಕೊಡಬೇಕಾಗಿಲ್ಲ. ನಲ್ಲಿಯಲ್ಲಿ ನೀರು ಬರದಿದ್ದರೆ ಯಾರೂ ಮೊದಲು ನಲ್ಲಿ ಬಿಚ್ಚುವುದಿಲ್ಲ. ಪೈಪಿನ ಗುಂಟ ನಡೆದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತೇವೆ. ಕಂಪ್ಯೂಟರಿನಲ್ಲೂ ಅಷ್ಟೇ. ಗೋಡೆಯ ಪ್ಲಗ್ಗಿನಿಂದ ಯುಪಿಎಸ್, ಅಲ್ಲಿಂದ ಎಸ್‌ಎಂಪಿಎಸ್ ಎಂಬ ಪವರ್ ಡಬ್ಬ, ಅಲ್ಲಿಂದ ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್. ಬೋರ್ಡ್ ಎದ್ದು ಪ್ರೊಸೆಸರ್, ರ‍್ಯಾಮ್ (ಕೆಲಸದ ಹೊತ್ತಿನ ನೆನಪಿನ ಪಟ್ಟಿ), ಪರದೆ ಸರಿ ಇವೆಯಾ ಎಂದು ನೋಡಿಕೊಳ್ಳುತ್ತದೆ. ಆಮೇಲೆ ಡಿಸ್ಕ್ ಹುಡುಕುತ್ತದೆ. ಡಿಸ್ಕಿನಿಂದ ವಿಂಡೋಸ್ ಏಳುತ್ತದೆ. ಎಲ್ಲಿ ನಿಂತಿದೆಯೋ ಅದರ ಹಿಂದಿನದೆಲ್ಲ ಹೆಚ್ಚುಕಡಿಮೆ ಸರಿ ಇದೆ ಎಂದು ಲೆಕ್ಕ.

ದೀಪವೂ ಇಲ್ಲ, ಸದ್ದೂ ಇಲ್ಲ

ನಮ್ಮ ಕಡೆ ಜಾಸ್ತಿ ಬರುವುದು ಇದೇ. ಮೊದಲು ಕಂಪ್ಯೂಟರ್ ಮುಟ್ಟಬೇಡಿ. ಅದೇ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆಯನ್ನೋ ಮಿಕ್ಸಿಯನ್ನೋ ಹಾಕಿ ನೋಡಿ. ಎಲ್‌ಇಡಿ ಬಲ್ಬ್ ಹಾಕಿ ನೋಡಿದರೆ ಸಾಲದು. ಹಿಂದೆ ತಂತಿ ಬಲ್ಬುಗಳು ಇದ್ದಾಗ ವೋಲ್ಟೇಜ್ ಇಳಿದರೆ ಬಲ್ಬ್ ಕೆಂಪಗಾಗುತ್ತಿತ್ತು, ಮನೆಯವರಿಗೆಲ್ಲ ಗೊತ್ತಾಗುತ್ತಿತ್ತು. ಈಗಿನ ಎಷ್ಟೋ ಎಲ್‌ಇಡಿ ಬಲ್ಬುಗಳು ವೋಲ್ಟೇಜ್ ಅರ್ಧಕ್ಕೆ ಇಳಿದರೂ ಹಾಗೇ ಉರಿಯುತ್ತವೆ. ಮನೆ ತುಂಬ ಬೆಳಕಿದೆ, ಕಂಪ್ಯೂಟರ್ ಮಾತ್ರ ಸತ್ತಿದೆ ಎಂದು ಅನಿಸುತ್ತದೆ. ಮೀಟರ್ ಹಿಡಿದರೆ 140 ತೋರಿಸುತ್ತಿರುತ್ತದೆ. ಇರಬೇಕಾದದ್ದು 230. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡುವ ಹೊತ್ತಿಗೆ ಸುತ್ತಲಿನ ಪಂಪ್‌ಗಳೆಲ್ಲ ಒಟ್ಟಿಗೆ ಎದ್ದಾಗ ಹೀಗಾಗುವುದು ಉಂಟು. ರಾತ್ರಿ ಒಂಬತ್ತರ ಮೇಲೆ ಕಂಪ್ಯೂಟರ್ ತಾನಾಗಿಯೇ ಸರಿಹೋಗುತ್ತದೆ ಎನ್ನುವ ಮನೆಗಳಲ್ಲಿ ನಾನು ಮೊದಲು ನೋಡುವುದು ವೋಲ್ಟೇಜನ್ನೇ.

ಟೆಸ್ಟರ್ ಸ್ಕ್ರೂಡ್ರೈವರ್ ನಂಬಿ ಕೂರಬೇಡಿ. ಅದು ಫೇಸ್ ಇದೆಯಾ ಎಂದಷ್ಟೇ ಹೇಳುತ್ತದೆ. ಕರೆಂಟ್ ವಾಪಸ್ ಹೋಗುವ ನ್ಯೂಟ್ರಲ್ ತಂತಿ ಕಡಿದಿದ್ದರೂ ಟೆಸ್ಟರ್ ಹೊತ್ತಿಕೊಳ್ಳುತ್ತದೆ. ಒಂದು ಸಾದಾ ಮಲ್ಟಿಮೀಟರ್ ಮನೆಯಲ್ಲಿರಲಿ. ಅಡಿಕೆ ಸುಲಿಯುವ ಯಂತ್ರದಿಂದ ಹಿಡಿದು ಇನ್ವರ್ಟರ್‌ವರೆಗೆ ಎಲ್ಲದಕ್ಕೂ ಅದು ಬೇಕಾಗುತ್ತದೆ.

ಪ್ಲಗ್ ಸರಿ ಇದ್ದರೆ ಯುಪಿಎಸ್ ದಾಟಿಸಿ, ಕಂಪ್ಯೂಟರನ್ನು ನೇರವಾಗಿ ಗೋಡೆಗೆ ಹಾಕಿ. ಸಣ್ಣ ಯುಪಿಎಸ್ ಒಳಗಿನ 12 ವೋಲ್ಟ್ ಬ್ಯಾಟರಿ ಎರಡು-ಮೂರು ವರ್ಷದಲ್ಲಿ ಸೊರಗುತ್ತದೆ. ಬ್ಯಾಟರಿ ಪೂರ್ತಿ ಸತ್ತರೆ ಕೆಲವು ಯುಪಿಎಸ್‌ಗಳು ಕರೆಂಟ್ ಇದ್ದಾಗಲೂ ಆನ್ ಆಗುವುದಿಲ್ಲ. ಸ್ವಿಚ್ ಬೋರ್ಡ್ ಕೂಡ ನೋಡಿ. ಮಳೆಗಾಲದಲ್ಲಿ ಸಣ್ಣ ಕೆಂಪಿರುವೆಗಳು ಒಣ ಜಾಗ ಹುಡುಕಿಕೊಂಡು ಸ್ವಿಚ್ಚಿನ ಒಳಗೇ ಸೇರುತ್ತವೆ. ಸ್ವಿಚ್ ಒತ್ತಿದಾಗ 'ಟಕ್' ಎನ್ನದೆ ಮೆತ್ತಗೆ ಕೂತರೆ ಒಳಗೆ ಇರುವೆ ಜಜ್ಜಿಹೋಗಿ ಲೋಹಕ್ಕೆ ಲೋಹ ತಾಗುತ್ತಿಲ್ಲ ಎಂದು ಸಂಶಯಪಡಬಹುದು. ಮೇನ್ ತೆಗೆದೇ ಬಿಚ್ಚಬೇಕು.

ಇಷ್ಟಾದ ಮೇಲೆ ಕ್ಯಾಬಿನೆಟ್ ಹಿಂಭಾಗಕ್ಕೆ ಬನ್ನಿ. ಎಸ್‌ಎಂಪಿಎಸ್‌ನ ಸಣ್ಣ ಸ್ವಿಚ್ ಗೆರೆ ಇರುವ ಕಡೆ ಒತ್ತಿರಬೇಕು, ಸೊನ್ನೆಯ ಕಡೆ ಅಲ್ಲ. ಪೊರಕೆ ತಾಗಿಯೋ ಮಕ್ಕಳ ಕೈಯಿಂದಲೋ ಅದು ಆಫ್ ಆಗಿರುತ್ತದೆ. ಹಳೆಯ ಡಬ್ಬಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಕೂಡ ಇರುತ್ತದೆ. ಅದು 230ರಲ್ಲೇ ಇರಬೇಕು. 115ಕ್ಕೆ ತಳ್ಳಿ ಕರೆಂಟ್ ಕೊಟ್ಟರೆ ಡಬ್ಬ ಢಮ್ ಎನ್ನುತ್ತದೆ.

ಈಗ ಪ್ಲಗ್ ಪೂರ್ತಿ ಕಿತ್ತು, ಕಂಪ್ಯೂಟರಿನ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿದುಹೋಗುತ್ತದೆ. ಮತ್ತೆ ಹಾಕಿ ನೋಡಿ. ಮಿಂಚು-ಗುಡುಗು ಆದ ಮಾರನೇ ದಿನ ಎಷ್ಟೋ ಮೆಷಿನ್‌ಗಳು ಇಷ್ಟಕ್ಕೇ ಎದ್ದಿವೆ.

ಇನ್ನೂ ಏಳದಿದ್ದರೆ ಪಕ್ಕದ ತಗಡು ಬಿಚ್ಚಬೇಕು. ಬೋರ್ಡಿನ ಮೇಲೆ ಒಂದು ಸಣ್ಣ ದೀಪ ಉರಿಯುತ್ತಿದ್ದರೆ ಎಸ್‌ಎಂಪಿಎಸ್ ಕನಿಷ್ಠ ಅರ್ಧ ಬದುಕಿದೆ. ಆಗ ಕ್ಯಾಬಿನೆಟ್ಟಿನ ಗುಂಡಿಯ ಮೇಲೆ ಸಂಶಯ. ಗುಂಡಿಯಿಂದ ಬಂದ ಎರಡು ಸಣ್ಣ ತಂತಿಗಳು ಬೋರ್ಡಿನಲ್ಲಿ 'ಪವರ್ ಸ್ವಿಚ್' ಎಂದು ಗುರುತಿರುವ ಎರಡು ಪಿನ್ನಿಗೆ ಸೇರಿರುತ್ತವೆ. ಆ ತಂತಿ ತೆಗೆದು, ಎರಡು ಪಿನ್ನಿಗೂ ಸ್ಕ್ರೂಡ್ರೈವರ್ ತುದಿಯನ್ನು ಒಂದು ಕ್ಷಣ ತಾಗಿಸಿ. ಮೆಷಿನ್ ಎದ್ದರೆ ಹಾಳಾದದ್ದು ಬರೀ ಗುಂಡಿ. ನಮ್ಮ ತೇವಕ್ಕೆ ಗುಂಡಿಯೊಳಗೆ ತುಕ್ಕು ಹಿಡಿಯುವುದು ದೊಡ್ಡ ಮಾತಲ್ಲ.

ಗುಂಡಿಯೂ ಅಲ್ಲ ಎಂದಾದರೆ ಎಸ್‌ಎಂಪಿಎಸ್ ಪರೀಕ್ಷೆ. ಪ್ಲಗ್ ಕಿತ್ತು, ಬೋರ್ಡಿಗೆ ಹೋಗುವ 24 ಪಿನ್ನಿನ ಅಗಲ ಕನೆಕ್ಟರನ್ನೂ ಪ್ರೊಸೆಸರ್ ಪಕ್ಕದ ಸಣ್ಣ ಕನೆಕ್ಟರನ್ನೂ ಬಿಡಿಸಿ. ಅಗಲದ್ದರಲ್ಲಿ ಹಸಿರು ತಂತಿ ಒಂದೇ ಇರುತ್ತದೆ. ಅದಕ್ಕೂ ಪಕ್ಕದ ಕಪ್ಪು ತಂತಿಗೂ ಒಂದು ಪೇಪರ್ ಕ್ಲಿಪ್ ಬಗ್ಗಿಸಿ ಸಿಕ್ಕಿಸಿ. ಆಮೇಲೆ ಕರೆಂಟ್ ಕೊಡಿ. ಡಬ್ಬದ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಡಬ್ಬ ಹೋಗಿದೆ. ತಿರುಗಿದರೂ ಮೀಟರ್ ಹಿಡಿಯಿರಿ: ಕಪ್ಪು ತಂತಿಗೆ ಹೋಲಿಸಿದರೆ ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ ಸುಮಾರು 3.3 ವೋಲ್ಟ್ ಬರಬೇಕು. ಎಲ್ಲ ತಂತಿಗಳೂ ಕಪ್ಪಗಿರುವ ಹೊಸ ಡಬ್ಬವಾದರೆ ಊಹೆಯ ಮೇಲೆ ಕ್ಲಿಪ್ ಹಾಕಬೇಡಿ. ಬೇರೆ ಡಬ್ಬ ತಂದು ಹಾಕಿ ನೋಡುವುದೇ ಒಳ್ಳೆಯದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಸ್‌ಎಂಪಿಎಸ್ ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಒಳಗೆ ಕರೆಂಟ್ ಕೂಡಿಟ್ಟುಕೊಳ್ಳುವ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗಿಂತ ಹೆಚ್ಚು ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿಯುತ್ತದೆ. ಜಾಲರಿಯೊಳಗೆ ಸತ್ತ ಹಲ್ಲಿ ಕಂಡರೂ ಬಿಚ್ಚುವುದು ಬೇಡ. ಡಬ್ಬವನ್ನೇ ಬದಲಾಯಿಸಿ.

ಕ್ಯಾಬಿನೆಟ್ ಮುಟ್ಟಿದರೆ ಜುಂ ಎನ್ನುತ್ತದೆಯಾ?

ಇದನ್ನು ಯಾರೂ ದೂರು ಎಂದು ಹೇಳುವುದೇ ಇಲ್ಲ. ನಾನೇ ಕೇಳಿದಾಗ, "ಹೌದು, ಬರಿಗಾಲಲ್ಲಿ ಮುಟ್ಟಿದರೆ ಸ್ವಲ್ಪ ಜುಂ ಅನ್ನತ್ತೆ, ಮೊದಲಿಂದಲೂ ಹಾಗೇ" ಎನ್ನುತ್ತಾರೆ. ಅದು ಅರ್ತಿಂಗ್ ಇಲ್ಲ ಎನ್ನುವ ಗುರುತು. ಎಸ್‌ಎಂಪಿಎಸ್ ಒಳಗೆ ಕರೆಂಟಿನ ಗದ್ದಲ (ಬೇಡದ ಏರಿಳಿತ) ಸೋಸುವ ಸಣ್ಣ ಕೆಪಾಸಿಟರ್‌ಗಳಿವೆ. ಅವು ಸೋರುವ ಚೂರು ಕರೆಂಟನ್ನು ಅರ್ತ್ ತಂತಿಗೆ ಬಿಡುತ್ತವೆ. ಅರ್ತ್ ಇಲ್ಲದಿದ್ದರೆ ಅದು ತಗಡಿನ ಮೇಲೇ ನಿಲ್ಲುತ್ತದೆ, ಮೀಟರ್ ಹಿಡಿದರೆ ನೂರರ ಆಸುಪಾಸು ತೋರಿಸುತ್ತದೆ. ಅಷ್ಟು ಚೂರು ಕರೆಂಟಿಗೆ ಜೀವಕ್ಕೆ ಅಪಾಯ ಕಡಿಮೆ. ಆದರೆ ನಿಜವಾದ ಶಾರ್ಟ್ ಆದ ದಿನ ನಿಮ್ಮನ್ನು ಕಾಯಬೇಕಾದ ತಂತಿ ಅದೇ, ಅಲ್ವಾ? ಹಳೆ ಮನೆಗಳಲ್ಲಿ ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ತ್ ಗುಂಡಿ ಬೇಸಿಗೆಯ ಜಂಬಿಟ್ಟಿಗೆ ನೆಲದಲ್ಲಿ ಒಣಗಿ ಕಲ್ಲಾಗಿರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಿ. ಅಲ್ಲಿಯವರೆಗೆ ಆ ಅರ್ತ್ ಗುಂಡಿಗೆ ನೀರು ಹಾಕುತ್ತಿರಿ.

ಸಿಡಿಲಿನ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. ಭರಣಿ, ಕೃತ್ತಿಕೆ ಮಳೆಯ ಸಂಜೆಗಳಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಲದು. ಸ್ವಿಚ್ಚಿನ ಒಳಗಿನ ಸಂದು ಕೆಲವೇ ಮಿಲಿಮೀಟರ್, ಮುಗಿಲಿನಿಂದ ಇಳಿದು ಬಂದದ್ದಕ್ಕೆ ಅದೊಂದು ಲೆಕ್ಕವೇ ಅಲ್ಲ. ಪ್ಲಗ್ ಕಿತ್ತು ಇಡಬೇಕು. ಇಂಟರ್‌ನೆಟ್ ಕೇಬಲನ್ನೂ ಕೀಳಬೇಕು. ನಮ್ಮ ಕಡೆ ಸಿಡಿಲು ಕರೆಂಟ್ ತಂತಿಯಲ್ಲಿ ಬಂದಷ್ಟೇ ತಾಮ್ರದ ಫೋನ್ ತಂತಿಯಲ್ಲೂ ಬಂದಿದೆ. ಮೋಡೆಮ್ ಸುಟ್ಟು, ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಬೋರ್ಡಿಗೆ ಹೋಗುತ್ತದೆ. ಸಿಡಿಲು ಹೊಡೆದ ಮೇಲೆ ಕಂಪ್ಯೂಟರ್ ಏಳದಿದ್ದರೆ ಲ್ಯಾನ್ ಕೇಬಲ್, ಪ್ರಿಂಟರ್, ಯುಎಸ್‌ಬಿಗೆ ಹಾಕಿದ ಎಲ್ಲವನ್ನೂ ಕಿತ್ತು ಒಮ್ಮೆ ಒತ್ತಿ ನೋಡಿ.

ಫ್ಯಾನ್ ತಿರುಗುತ್ತದೆ, ಪರದೆ ಕಪ್ಪು

ಮಾನಿಟರ್ 'ನೋ ಸಿಗ್ನಲ್' ಎನ್ನುತ್ತಿದ್ದರೆ ಮಾನಿಟರ್ ಬದುಕಿದೆ, ಅದಕ್ಕೆ ಏನೂ ಬರುತ್ತಿಲ್ಲ ಎಂದರ್ಥ. ಕೇಬಲಿನ ಎರಡೂ ತುದಿ ಒತ್ತಿ ಕೂರಿಸಿ. ಪರದೆಗೆ ಚಿತ್ರ ಕಳಿಸುವ ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಕೇಬಲ್ ಅದರ ತೂತಿನಲ್ಲೇ ಇರಬೇಕು, ಮೇಲಿನ ಬೋರ್ಡಿನದರಲ್ಲಿ ಅಲ್ಲ.

ಇದೆಲ್ಲ ಸರಿ ಇದ್ದರೆ, ಮಲೆನಾಡಿನಲ್ಲಿ ನನ್ನ ಮೊದಲ ಸಂಶಯ ರ‍್ಯಾಮ್. ಆರಿದ್ರಾ ಮಳೆಯಿಂದ ಆಶ್ಲೇಷದವರೆಗೆ ಬಟ್ಟೆ ಒಣಗುವುದಿಲ್ಲ, ಪುಸ್ತಕದ ರಟ್ಟಿಗೆ ಬೂಷ್ಟು ಬರುತ್ತದೆ. ಆ ತೇವ ಕಂಪ್ಯೂಟರನ್ನು ಬಿಡುತ್ತದೆಯಾ? ಜೊತೆಗೆ ಬಚ್ಚಲೊಲೆಯ ಹೊಗೆ. ಫ್ಯಾನ್ ಆ ಹೊಗೆಯನ್ನೂ ಧೂಳನ್ನೂ ಒಳಗೆ ಎಳೆದುಕೊಂಡು ಒಂದು ಅಂಟು ಪದರ ಮಾಡುತ್ತದೆ.

ಪ್ಲಗ್ ಕಿತ್ತು ಇಡಿ. ಕೈ ಒಣಗಿರಲಿ. ಕ್ಯಾಬಿನೆಟ್ಟಿನ ಬಣ್ಣವಿಲ್ಲದ ತಗಡನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಿರ ವಿದ್ಯುತ್ ಹೋಗಲಿ. ರ‍್ಯಾಮ್ ಪಟ್ಟಿಯ ತುದಿಯಲ್ಲಿರುವ ಬಿಳಿ ಅಥವಾ ಕಪ್ಪು ಕೊಂಡಿಗಳನ್ನು ಹೊರಕ್ಕೆ ತಳ್ಳಿದರೆ ಪಟ್ಟಿ ತಾನೇ ಮೇಲೇಳುತ್ತದೆ. ಅಂಚು ಹಿಡಿದು ತೆಗೆಯಿರಿ. ಕೆಳಗಿನ ಚಿನ್ನದ ಬಣ್ಣದ ಹಲ್ಲುಗಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿ. ಚೆನ್ನಾಗಿದ್ದರೆ ಹೊಳೆಯುತ್ತವೆ. ಮಂಕಾಗಿ, ಉಸಿರು ಬಿಟ್ಟ ಕನ್ನಡಿಯ ಹಾಗೆ ಕಂಡರೆ ಅಲ್ಲೇ ಇದೆ ತೊಂದರೆ. ಮಕ್ಕಳ ಪೆನ್ಸಿಲ್ ಬಾಕ್ಸಿನ ಬಿಳಿ ರಬ್ಬರ್ ತಗೊಂಡು, ಹಲ್ಲುಗಳ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ಹಗುರವಾಗಿ ಉಜ್ಜಿ. ಎರಡೂ ಕಡೆ. ರಬ್ಬರಿನ ಮೇಲೆ ಕಪ್ಪು ಗೆರೆ ಬೀಳುತ್ತದೆ. ಅದು ಬೀಳದಷ್ಟು ಆದ ಮೇಲೆ ನಿಲ್ಲಿಸಿ, ರಬ್ಬರ್ ಪುಡಿಯನ್ನು ಒಣ ಕುಂಚದಿಂದ ತೆಗೆಯಿರಿ. ಬಾಯಿಂದ ಊದಬೇಡಿ, ಉಗುಳಿನ ಹನಿ ಬೀಳುತ್ತದೆ. ಪಟ್ಟಿಯ ಕಚ್ಚು ನೋಡಿಕೊಂಡು ನೇರಕ್ಕೆ ಒತ್ತಿ. ಕೊಂಡಿ 'ಟಕ್' ಎಂದು ತಾನೇ ಮುಚ್ಚಿಕೊಳ್ಳಬೇಕು.

ಎರಡು ಪಟ್ಟಿ ಇದ್ದರೆ ಒಂದನ್ನೇ ಹಾಕಿ ನೋಡಿ, ಆಮೇಲೆ ಇನ್ನೊಂದು. ಒಂದೊಂದೇ ಬದಲಾವಣೆ ಮಾಡಿ. ಒಟ್ಟಿಗೆ ನಾಲ್ಕು ಮಾಡಿದರೆ ಮೆಷಿನ್ ಎದ್ದರೂ ಯಾವುದರಿಂದ ಎದ್ದಿತು ಎಂದು ತಿಳಿಯುವುದಿಲ್ಲ.

ಬೋರ್ಡ್ ಬೀಪ್ ಬೀಪ್ ಎಂದು ಕೂಗಿಕೊಂಡರೆ ಅದೂ ಒಂದು ಸುಳಿವು. ಬಿಟ್ಟೂ ಬಿಡದೆ ಉದ್ದುದ್ದ ಕೂಗಿದರೆ ಸಾಮಾನ್ಯವಾಗಿ ರ‍್ಯಾಮ್. ಹೊಸ ಬೋರ್ಡುಗಳಲ್ಲಿ ಕೂಗಿನ ಬದಲು ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂದು (ಪ್ರೊಸೆಸರ್, ನೆನಪಿನ ಪಟ್ಟಿ, ಪರದೆ, ಡಿಸ್ಕ್ ಹಂತಗಳಿಗೆ) ನಾಲ್ಕು ಸಣ್ಣ ದೀಪಗಳಿರುತ್ತವೆ. ಯಾವುದು ಆರದೆ ಉಳಿಯಿತೋ ಅಲ್ಲಿ ನಿಂತಿದೆ ಎಂದು ತಿಳಿಯಿರಿ. ಫ್ಯಾನ್ ಎರಡು ಸೆಕೆಂಡ್ ತಿರುಗಿ ನಿಂತು, ಮತ್ತೆ ತಿರುಗುತ್ತಿದ್ದರೆ ಪ್ರೊಸೆಸರ್ ಪಕ್ಕದ ನಾಲ್ಕು ಅಥವಾ ಎಂಟು ಪಿನ್ನಿನ ಪವರ್ ಕನೆಕ್ಟರ್ ಪೂರ್ತಿ ಕೂತಿದೆಯಾ ನೋಡಿ. ಹಳೆ ಬೋರ್ಡಾದರೆ ಸಣ್ಣ ಡಬ್ಬಿಯಂಥ ಕೆಪಾಸಿಟರ್‌ಗಳ ತಲೆ ನೋಡಿ. ಅವು ಸಮವಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ ಬೋರ್ಡ್ ರಿಪೇರಿಗೇ ಹೋಗಬೇಕು.

ಹದಿನೈದು ದಿನ ಮುಟ್ಟದೆ ಇಟ್ಟ ಮೆಷಿನ್ ಆಗಿದ್ದರೆ ಪಕ್ಕದ ತಗಡು ತೆಗೆದು, ಟೇಬಲ್ ಫ್ಯಾನ್ ಗಾಳಿಗೆ ಅರ್ಧ ದಿನ ಇಟ್ಟು ಆಮೇಲೆ ಕರೆಂಟ್ ಕೊಡಿ. ಅಡಿಕೆ ಒಣಗಿಸುವ ಅಟ್ಟದ ಮೇಲೆ ಇಡುವ ಯೋಚನೆ ಬೇಡ. ಅಲ್ಲಿ ಬಿಸಿಗಿಂತ ಹೊಗೆ ಜಾಸ್ತಿ. ಮಳೆಗಾಲದಲ್ಲಿ ಕೆಲಸ ಇರಲಿ ಇಲ್ಲದಿರಲಿ, ದಿನಕ್ಕೆ ಒಂದು ಗಂಟೆ ಆನ್ ಮಾಡಿಡಿ. ಅದರ ಬಿಸಿಯೇ ಅದರ ತೇವ ಕಳೆಯುತ್ತದೆ. ಹಿಂದಿನ ತೂತುಗಳಲ್ಲಿ ಕಣಜ ಮಣ್ಣಿನ ಗೂಡು ಕಟ್ಟಿದೆಯಾ ಎಂದೂ ಆಗಾಗ ನೋಡುತ್ತಿರಿ.

'ನೋ ಬೂಟಬಲ್ ಡಿವೈಸ್'

ಪರದೆಯಲ್ಲಿ ಅಕ್ಷರ ಬಂತು ಎಂದರೆ ಕರೆಂಟ್, ಬೋರ್ಡ್, ರ‍್ಯಾಮ್ ಎಲ್ಲ ದಾಟಿದೆ. ಡಿಸ್ಕ್ ಸಿಗುತ್ತಿಲ್ಲ, ಅಷ್ಟೇ. ಮೊದಲು ಪೆನ್‌ಡ್ರೈವ್ ಸಿಕ್ಕಿಸಿ ಮರೆತಿದ್ದರೆ ತೆಗೆಯಿರಿ. ಆಮೇಲೆ ಡಿಸ್ಕಿಗೆ ಹೋಗುವ ಸಾಟಾ ಕೇಬಲಿನ ಎರಡೂ ತುದಿ ಬಿಚ್ಚಿ ಮತ್ತೆ ಹಾಕಿ.

ಇಲ್ಲಿ ಒಂದು ಘಟನೆ ಹೇಳಲೇಬೇಕು. ನಮ್ಮ ಪಕ್ಕದ ಮನೆಯ ಅಕ್ಕನ ಕಂಪ್ಯೂಟರ್ ಹೀಗೇ ನಿಂತಿತ್ತು. ನಾನು ಊರಲ್ಲಿರಲಿಲ್ಲ. ಪೇಟೆಯ ಒಂದು ಅಂಗಡಿಗೆ ತಗೊಂಡು ಹೋದರು. ಸಂಜೆಯೊಳಗೆ ಸರಿಯಾಗಿ ಬಂತು. ಫಾರ್ಮ್ಯಾಟ್ ಮಾಡಿ, ಅಂದರೆ ಡಿಸ್ಕ್ ಅಳಿಸಿ ಕೊಟ್ಟಿದ್ದರು. ಮಗಳ ನಾಮಕರಣದಿಂದ ಹಿಡಿದು ಹನ್ನೊಂದು ವರ್ಷದ ಫೋಟೋಗಳು ಅದರಲ್ಲಿದ್ದವು, ಅಡಿಕೆ ಮಂಡಿಯ ಲೆಕ್ಕವೂ ಇತ್ತು. ಬೇರೆಲ್ಲೂ ಪ್ರತಿ ಇರಲಿಲ್ಲ. ವಾರದ ನಂತರ ಅದೇ ಮೆಷಿನ್ ಮತ್ತೆ ಹಾಗೇ ನಿಂತಿತು. ನಾನು ಬಿಚ್ಚಿ ನೋಡಿದಾಗ ಬೋರ್ಡಿನ ಮೇಲಿನ ಸಣ್ಣ ಸೆಲ್‌ನಲ್ಲಿ 2.1 ವೋಲ್ಟ್ ಇತ್ತು. ಇರಬೇಕಾದದ್ದು 3. ಡಿಸ್ಕಿನಲ್ಲಿ ಏನೂ ತಪ್ಪಿರಲಿಲ್ಲ. ಅಕ್ಕ ಏನೂ ಹೇಳಲಿಲ್ಲ. ಸೆಲ್ಲನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಾ ನಿಂತರು. ನಾನು ಇದನ್ನು ಬರೆಯಲು ಕಾರಣ ಅದೇ.

ಸಿಆರ್2032 ಎಂಬ ಆ ಸೆಲ್ ಸುಮಾರು ಒಂದು ರೂಪಾಯಿ ನಾಣ್ಯದಷ್ಟು ಇರುತ್ತದೆ. ಕರೆಂಟ್ ಇಲ್ಲದಾಗ ಗಡಿಯಾರವನ್ನೂ ಬಯಾಸ್ (ವಿಂಡೋಸ್‌ಗೆ ಮೊದಲು ಬೋರ್ಡನ್ನು ಏಳಿಸುವ ಪ್ರೋಗ್ರಾಂ) ಸೆಟ್ಟಿಂಗನ್ನೂ ಅದೇ ಕಾಯುತ್ತದೆ. ಅದು ಸತ್ತರೆ ತಾರೀಖು ಹಿಂದಕ್ಕೆ ಹೋಗುತ್ತದೆ, ಎಫ್1 ಒತ್ತಿ ಎನ್ನುತ್ತದೆ. ಎಷ್ಟೋ ಸಲ ಏಳುವ ರೀತಿ ಯುಇಎಫ್‌ಐ (ಹೊಸದು) ಎಂದಿದ್ದದ್ದು ಲೆಗಸಿ (ಹಳೆಯದು) ಎಂದಾಗುತ್ತದೆ, ಡಿಸ್ಕಿನ ಜೊತೆ ಬೋರ್ಡ್ ಮಾತಾಡುವ ಎಎಚ್‌ಸಿಐ ಸೆಟ್ಟಿಂಗ್ ಬದಲಾಗುತ್ತದೆ. ಡಿಸ್ಕ್ ಅಲ್ಲೇ ಇದೆ, ವಿಂಡೋಸ್ ಅಲ್ಲೇ ಇದೆ, ಆದರೆ ಬೋರ್ಡಿಗೆ ಅದನ್ನು ಏಳಿಸುವ ದಾರಿ ಮರೆತಿದೆ. ಹೊಸ ಸೆಲ್ ಹಾಕಿ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯಾಸ್‌ಗೆ ಹೋಗಿ. ಡಿಸ್ಕಿನ ಹೆಸರು ಕಾಣುತ್ತದೆಯಾ ನೋಡಿ. ಕಂಡರೆ ಈ ಎರಡು ಸೆಟ್ಟಿಂಗನ್ನು ಹಿಂದಿನ ಹಾಗೆ ಮಾಡಿ ನೋಡಿ. ಮೆಷಿನ್ ಸರಿ ಇರುವಾಗಲೇ ಬಯಾಸ್ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಈ ಕೆಲಸ ಎರಡು ನಿಮಿಷದ್ದು.

ಬಯಾಸ್ ಬದಲಾದ ಮೇಲೆ ಕೆಲವು ಮೆಷಿನ್‌ಗಳು ಡಿಸ್ಕಿಗೆ ಹಾಕಿದ ಬೀಗದ, ಅಂದರೆ ಬಿಟ್‌ಲಾಕರ್‌ನ 48 ಅಂಕಿಗಳ ಕೀ ಕೇಳುತ್ತವೆ. ಹೆದರಬೇಡಿ. ಕಂಪ್ಯೂಟರಿಗೆ ಹಾಕಿದ ಮೈಕ್ರೋಸಾಫ್ಟ್ ಖಾತೆಗೆ ಮೊಬೈಲಿನಲ್ಲಿ ಲಾಗಿನ್ ಆದರೆ ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ.

ಹಾರ್ಡ್‌ಡಿಸ್ಕ್ ಟಿಕ್ ಟಿಕ್ ಎಂದು ಲಯವಾಗಿ ಬಡಿಯುತ್ತಿದ್ದರೆ ಮಾತ್ರ ಕೂಡಲೇ ನಿಲ್ಲಿಸಿ. ಮತ್ತೆ ಮತ್ತೆ ಆನ್ ಮಾಡಬೇಡಿ, ಡಿಸ್ಕ್ ಪರೀಕ್ಷಿಸುವ ಚೆಕ್‌ಡಿಸ್ಕ್ ಓಡಿಸಬೇಡಿ. ಒಂದೊಂದು ಸಲ ಆನ್ ಮಾಡಿದಾಗಲೂ ಉಳಿದದ್ದೂ ಹೋಗುತ್ತದೆ. ಡೇಟಾ ತೆಗೆಯುವವರ ಕೈಗೇ ಕೊಡಬೇಕು.

ವಿಂಡೋಸ್ ಅರ್ಧಕ್ಕೆ ನಿಂತರೆ

ಅಪ್‌ಡೇಟ್ ನಡೆಯುವಾಗ ಕರೆಂಟ್ ಹೋದರೆ ಹೀಗಾಗುತ್ತದೆ. ಮೊದಲು ಒಂದು ಗಂಟೆ ಸುಮ್ನೆ ಬಿಡಿ, ತಾನೇ ಸರಿಯಾಗುವುದುಂಟು. ಆಗದಿದ್ದರೆ, ಚುಕ್ಕಿ ಸುತ್ತುವಾಗ ಗುಂಡಿ ಒತ್ತಿ ಹಿಡಿದು ಆಫ್ ಮಾಡಿ. ಎರಡು-ಮೂರು ಸಲ ಹೀಗೆ ಮಾಡಿದರೆ ವಿಂಡೋಸ್ ತಾನೇ ರಿಪೇರಿ ಪುಟ ತೋರಿಸುತ್ತದೆ. ಅಲ್ಲಿ ಸ್ಟಾರ್ಟಪ್ ರಿಪೇರ್, ಅದಾಗದಿದ್ದರೆ ಕೊನೆಯ ಅಪ್‌ಡೇಟ್ ತೆಗೆಯುವುದು, ಆಮೇಲೆ ಸಿಸ್ಟಮ್ ರೀಸ್ಟೋರ್. 'ರೀಸೆಟ್' (ವಿಂಡೋಸನ್ನು ಹೊಸದಾಗಿ ಹಾಕುವುದು) ಕೊನೆಯದು. ಅದಕ್ಕೆ ಮೊದಲು ಡಿಸ್ಕ್ ಬಿಚ್ಚಿ, ಯುಎಸ್‌ಬಿ ಕೇಬಲಿನಿಂದ ಇನ್ನೊಂದು ಕಂಪ್ಯೂಟರಿಗೆ ಹಾಕಿ ಫೋಟೋ, ಲೆಕ್ಕ, ಮಕ್ಕಳ ಅಂಕಪಟ್ಟಿ ಎಲ್ಲ ನಕಲು ಮಾಡಿಕೊಳ್ಳಿ. ವಿಂಡೋಸ್ ಥರದ್ದೇ ಉಚಿತ ವ್ಯವಸ್ಥೆಯಾದ ಉಬುಂಟು ಹಾಕಿದ ಪೆನ್‌ಡ್ರೈವಿನಿಂದ ಎಬ್ಬಿಸಿ ತೆಗೆದರೂ ಆಗುತ್ತದೆ.

ಪ್ರತಿ ಸಲ ಕರೆಂಟ್ ಹೋದಾಗ ಇನ್ವರ್ಟರ್ ಇದ್ದರೂ ಕಂಪ್ಯೂಟರ್ ಆರಿ ಹತ್ತುತ್ತಿದ್ದರೆ ಇನ್ವರ್ಟರ್ ಹಿಂದಿನ ಸ್ವಿಚ್ ನೋಡಿ. 'ಇಕೋ' ಎಂದಿದ್ದರೆ ಬದಲಾಯಿಸಿಕೊಳ್ಳಲು ಅದು ತಗೊಳ್ಳುವ ಹೊತ್ತು ಜಾಸ್ತಿ. ಎಸ್‌ಎಂಪಿಎಸ್ ಉಸಿರು ಹಿಡಿದಿರುವುದು ಸೆಕೆಂಡಿನ ನೂರರಲ್ಲಿ ಒಂದೆರಡು ಪಾಲು ಮಾತ್ರ. 'ಯುಪಿಎಸ್' ಮೋಡಿಗೆ ತಳ್ಳಿ.

ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು ಗುಂಡಿಯನ್ನು 30 ಸೆಕೆಂಡ್ ಒತ್ತಿ, ಮತ್ತೆ ಚಾರ್ಜರ್ ಹಾಕಿ ನೋಡಿ. ಫ್ಯಾನ್ ಸದ್ದು ಇದ್ದು ಪರದೆ ಕಪ್ಪಾಗಿದ್ದರೆ ಟಾರ್ಚನ್ನು ಪರದೆಗೆ ಓರೆಯಾಗಿ ಹಿಡಿಯಿರಿ. ಮಸುಕಾಗಿ ಚಿತ್ರ ಕಂಡರೆ ಹೋಗಿರುವುದು ಪರದೆಯ ಹಿಂದಿನ ಬೆಳಕು.

ಶಿವಮೊಗ್ಗಕ್ಕೆ ಹೋಗಲೇಬೇಕಾದರೆ

ಏನು ನೋಡಿದಿರಿ, ಏನು ಮಾಡಿದಿರಿ ಎಂದು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. "ಗೋಡೆಯಲ್ಲಿ 228 ವೋಲ್ಟ್, ಬೋರ್ಡಿನ ದೀಪ ಉರಿಯುತ್ತದೆ, ಫ್ಯಾನ್ ತಿರುಗುವುದಿಲ್ಲ, ರ‍್ಯಾಮ್ ಉಜ್ಜಿ ಆಗಿದೆ" ಎಂದು ಹೇಳಿದರೆ ರಿಪೇರಿ ಮಾಡುವವರೂ ಅಲ್ಲಿಂದಲೇ ಶುರು ಮಾಡುತ್ತಾರೆ. ಮಾನಿಟರ್, ಕೀಬೋರ್ಡ್ ಹೊತ್ತುಕೊಂಡು ಹೋಗಬೇಡಿ. ಕ್ಯಾಬಿನೆಟ್ಟನ್ನು ಕಂಬಳಿಯಲ್ಲಿ ಸುತ್ತಿ, ಮೇಲೊಂದು ಪ್ಲಾಸ್ಟಿಕ್ ಕಟ್ಟಿ, ಬಸ್ಸಿನಲ್ಲಿ ಕಾಲ ಮೇಲೆ ಇಟ್ಟುಕೊಳ್ಳಿ. ಹಿಂದಿನ ಸೀಟಿನ ಕುಲುಕಾಟಕ್ಕೆ ಕೂತದ್ದೂ ಸಡಿಲವಾಗುತ್ತದೆ. ತೊಂದರೆ ಡಿಸ್ಕಿನದಲ್ಲ ಎಂದು ನಿಮಗೆ ಖಾತ್ರಿ ಇದ್ದರೆ, ಹೊರಡುವ ಮೊದಲು ಎರಡು ಕೇಬಲ್ ಎಳೆದು, ನಾಲ್ಕು ಸ್ಕ್ರೂ ಬಿಚ್ಚಿ, ಡಿಸ್ಕನ್ನು ಮನೆಯ ಬೀರುವಿನಲ್ಲೇ ಇಟ್ಟು ಹೋಗಿ.